ತಿರುಪಿನ ಮೇಲಿನ ಕೆಂಪು

ಬಣಕಲ್‌ನ ಹೆದ್ದಾರಿ ಪಕ್ಕದಲ್ಲಿ ಸಿದ್ದಬಸಪ್ಪನವರ ಅಂಗಡಿ. ಮುಂದುಗಡೆ ಔಷಧಿ ಹೊಡೆಯುವ ಪಂಪು, ಪೈಪು, ಮೈಲುತುತ್ತದ ಚೀಲ, ಹಿಂದುಗಡೆ ಮನೆ. ಅಂಗಡಿಗೂ ಮನೆಗೂ ನಡುವೆ ಒಂದೇ ಕಿಟಕಿಯ ಒಂದು ಕೋಣೆ. ಅದರ ಬಾಗಿಲು ಆಗಸ್ಟ್‌ನಿಂದ ಮುಚ್ಚಿತ್ತು. ಬೀಗವೇನೂ ಹಾಕಿರಲಿಲ್ಲ. ಯಾರೂ ತೆಗೆಯುತ್ತಿರಲಿಲ್ಲ, ಅಷ್ಟೆ.

ಮಾರ್ಚ್ ತಿಂಗಳು. ಕಾಫಿ ಕೊಯ್ಲು ಮುಗಿದು ತೋಟದವರೆಲ್ಲ ಗಿಡ ಹೂಬಿಡಿಸುವ ಹೂಮಳೆಗೆ ಕಾಯುತ್ತಿದ್ದರು. ಸಿದ್ದಬಸಪ್ಪ ಮಾಲು ತರಲು ಚಿಕ್ಕಮಗಳೂರಿಗೆ ಹೋಗಿದ್ದರಿಂದ ಗಲ್ಲಾದಲ್ಲಿ ಸೊಸೆ ಕೃತಿಕಾ ಕೂತಿದ್ದಳು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಈಗ ಯಾವ ಪಂಪಿಗೆ ಯಾವ ವಾಷರ್ ಎಂದು ನೋಡದೆ ಹೇಳಬಲ್ಲಳು. ಈ ಕೆಲಸ ಅವಳಿಗೆ ಒಗ್ಗಿತ್ತು. ಕೇಳಿದ್ದನ್ನು ಕೊಟ್ಟರೆ ಮುಗಿಯಿತು, ಯಾರೂ ಬೇರೇನನ್ನೂ ಕೇಳುವುದಿಲ್ಲ.

ಮೂಡಿಗೆರೆ ಬಸ್ಸಿನಿಂದ ಇಳಿದವನೊಬ್ಬ ಬೆನ್ನಿಗೆ ಗಿಟಾರ್ ಹೊತ್ತು ನೇರ ಅಂಗಡಿಗೆ ಬಂದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವಳಿಗೆ ಗುರುತು ಸಿಕ್ಕಿತು. ಬೇಲೂರಿನ ಚನ್ನಕೇಶವ, ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವನು.

"ವಿಷಯ ಗೊತ್ತಾಯ್ತು ಮೇಡಂ. ಆಗ ಬರಬೇಕಿತ್ತು. ಬರಲಿಲ್ಲ," ಎಂದ. ಯಾಕೆ ಬರಲಿಲ್ಲ ಎಂದು ಹೇಳಲಿಲ್ಲ. ಅದು ಅವಳಿಗೆ ಹಿಡಿಸಿತು.

ಆಮೇಲೆ ಟವೆಲ್ಲಿನಲ್ಲಿ ಸುತ್ತಿದ್ದ ಒಂದು ಪೆಟ್ಟಿಗೆಯನ್ನು ಗಲ್ಲಾದ ಮೇಲಿಟ್ಟು ಬಿಚ್ಚಿದ. ಕೃತಿಕಾ ಅದನ್ನು ಮುಟ್ಟದೆ ನೋಡಿದಳು.

ಅಂಗೈಯಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ. ಮೇಲೆ ತಿರುಗಿಸುವ ಎರಡು ಗುಬುಟು, ಕಾಲಲ್ಲಿ ಒತ್ತಲು ಒಂದು ಗುಂಡಿ. ಗಿಟಾರಿಗೂ ಸ್ಪೀಕರಿಗೂ ನಡುವೆ ಇಟ್ಟುಕೊಂಡು ಒತ್ತಿದರೆ ತಂತಿಯ ದನಿ ಗರಗರ ಒರಟಾಗಿ, ಉದ್ದವಾಗಿ ಎಳೆದುಕೊಳ್ಳುತ್ತದೆ. ಇಂಥ ಪೆಡಲ್‌ಗಳನ್ನು ಮಾಡುತ್ತಿದ್ದವನು ಅವಳ ಗಂಡ ರೇಣುಕಪ್ರಸಾದ. ಎಸ್ಟೇಟ್ ಬಂಗಲೆಗಳಲ್ಲಿ ಕೆಟ್ಟು ಮೂಲೆ ಸೇರಿದ ಹಳೇ ರೇಡಿಯೋಗಳನ್ನು ತಂದು, ಅದರೊಳಗಿನ ತಗಡಿನ ಟೋಪಿಯ ಟ್ರಾನ್ಸಿಸ್ಟರ್‌ಗಳನ್ನು ಕಿತ್ತು, ಇವುಗಳಿಗೆ ಕೂರಿಸುತ್ತಿದ್ದ. ಹೊಸ ಟ್ರಾನ್ಸಿಸ್ಟರಿಗೆ ಆ ಗಂಟಲು ಬರುವುದಿಲ್ಲ ಎನ್ನುತ್ತಿದ್ದ. ಪೆಡಲ್ಲಿಗೆ ಕಾಂಡಕೊರಕ ಎಂದು ಹೆಸರಿಟ್ಟಿದ್ದ. ಕಾಫಿ ಗಿಡದ ಕಾಂಡ ಕೊರೆದು ತಿನ್ನುವ ಹುಳದ ಹೆಸರು.

"ಊರವರು ಅದನ್ನ ಕೊಲ್ಲೋಕೆ ನನ್ನತ್ರ ಔಷಧಿ ತಗೊಂಡು ಹೋಗ್ತಾರೆ," ಎಂದು ಸಿದ್ದಬಸಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. "ನನ್ನ ಮಗ ಹಿಂದಿನ ಬಾಗಿಲಲ್ಲಿ ಅದನ್ನೇ ಮಾರ್ತಾನೆ. ವ್ಯಾಪಾರ ಅಂದ್ರೆ ಇದು ಮಾರಾಯ."

ಪೆಟ್ಟಿಗೆಯ ಮೇಲಿನ ಚಿತ್ರ ಕೃತಿಕಾಳದು. ಸೀಳಿದ ಕಾಂಡ, ಅದರೊಳಗೆ ಹುಳ ಕೊರೆದುಕೊಂಡು ಹೋದ ಅಂಕುಡೊಂಕು ದಾರಿ. ಪೆಟ್ಟಿಗೆಯ ಮೇಲೆ ನೇಲ್ ಪಾಲಿಶ್‌ನಲ್ಲಿ ಬರೆದು ಒಣಗಿಸಬೇಕು. ಮಾವನ ಅಂಗಡಿಯ ಮೈಲುತುತ್ತಕ್ಕೆ ಉಪ್ಪು ಸೇರಿಸಿ ಕರಗಿಸಿದ ನೀರಿನಲ್ಲಿ ಇಡಬೇಕು. ಪಾಲಿಶ್ ಇಲ್ಲದ ಕಡೆಯೆಲ್ಲ ಲೋಹವನ್ನು ನೀರು ತಿನ್ನುತ್ತದೆ. ಆಮೇಲೆ ಥಿನ್ನರ್‌ನಲ್ಲಿ ಒರೆಸಿದರೆ ಗೆರೆಗಳು ಮಾತ್ರ ಎದ್ದು ನಿಲ್ಲುತ್ತವೆ. ಬಾಟ್ಲಿಗಟ್ಟಲೆ ಕೆಂಪು ಪಾಲಿಶ್ ಬೇಕಾಗುತ್ತಿತ್ತು. ಎದುರುಗಡೆ ಫ್ಯಾನ್ಸಿ ಸ್ಟೋರಿನ ವಸಂತಮ್ಮ "ನಿಂಗೆಷ್ಟು ಕೈ ಮಾರಾಯ್ತಿ?" ಎಂದು ನಗುತ್ತಿದ್ದಳು.

"ಏನಾಗಿದೆ?" ಎಂದು ಕೃತಿಕಾ ಕೇಳಿದಳು.

"ರಾತ್ರಿ ಪ್ರೋಗ್ರಾಂ ಆದ್ರೆ ಬಂಗಾರ. ಮಧ್ಯಾಹ್ನ ಶಾಮಿಯಾನದ ಕೆಳಗೆ ಇಟ್ರೆ ಕೆಮ್ಮುತ್ತೆ. ನಾಡಿದ್ದು ಬಳ್ಳಾರಿಲಿ ಮದುವೆ, ಮಧ್ಯಾಹ್ನವೇ ಆರತಕ್ಷತೆ. ಬಳ್ಳಾರಿ ಬಿಸಿಲು ನಿಮಗೆ ಗೊತ್ತಲ್ಲ, ಮದುಮಗನೇ ಕೆಮ್ಮಬೇಕು."

ಅವಳು ನಗಲಿಲ್ಲ. ಅವನೂ ಅದಕ್ಕೆ ಕಾಯಲಿಲ್ಲ.

"ಹಾಸನದಲ್ಲಿ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದೆ. ಒಳಗಿಂದೆಲ್ಲ ಕಿತ್ತು ಹೊಸ ಸಾಮಾನು ಹಾಕ್ತೀನಿ ಅಂದ. ನನಗೆ ಮನಸ್ಸು ಬರಲಿಲ್ಲ. ನೀವು ಜೊತೆಗೇ ಕೂತಿರ್ತಿದ್ರಲ್ಲ, ಒಂದ್ಸಲ ನೋಡ್ತೀರಾ ಅಂತ ಬಂದೆ."

ಏನಾಗಿದೆ ಎಂಬುದು ಪೆಟ್ಟಿಗೆ ತೆರೆಯುವ ಮೊದಲೇ ಅವಳಿಗೆ ಗೊತ್ತಿತ್ತು. ರೇಣು ಮೊದಮೊದಲು ಮಾಡಿದ ತಪ್ಪು ಅದು, ಬೆಟ್ಟದವರು ಮಾತ್ರ ಮಾಡುವ ತಪ್ಪು. ಆ ಹಳೇ ಟ್ರಾನ್ಸಿಸ್ಟರ್‌ಗಳು ಬಿಸಿ ತಾಗಿದರೆ ಬುದ್ಧಿ ಬದಲಿಸುತ್ತವೆ. ರೇಣು ಬಣಕಲ್ಲಿನ ಚಳಿಯಲ್ಲಿ, ಸ್ವೆಟರ್ ಹಾಕಿಕೊಂಡು ಕೂತು, ಕಿವಿಯಿಟ್ಟು ಒಳಗಿನ ಸಣ್ಣ ತಿರುಪನ್ನು ತಿರುಗಿಸಿ ದನಿ ಕೂರಿಸುತ್ತಿದ್ದ. ಪೆಡಲ್ ದಾವಣಗೆರೆಗೆ ಹೋದ ಕೂಡಲೇ ಹಾಳಾಗುತ್ತಿತ್ತು. ರಿಪೇರಿಗೆ ವಾಪಸ್ ಬಂದ ಕೂಡಲೇ ಸರಿಯಾಗುತ್ತಿತ್ತು. ಒಂದು ಮಳೆಗಾಲ ಪೂರ್ತಿ ತಲೆ ಕೆಡಿಸಿಕೊಂಡ ಮೇಲೆ, ತಪ್ಪು ಪೆಟ್ಟಿಗೆಯದಲ್ಲ ತಮ್ಮ ಊರಿನ ಹವೆಯದು ಎಂದು ಹೊಳೆದಿತ್ತು. ಅಂದಿನಿಂದ ಒಂದು ಪದ್ಧತಿ ಬಂತು. ಪೆಡಲ್ಲನ್ನು ಬಚ್ಚಲು ಮನೆಯ ಹಂಡೆ ಒಲೆಯ ಕಟ್ಟೆಯ ಮೇಲಿಟ್ಟು, ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿಯಾದ ಮೇಲೆ ತಿರುಪು ತಿರುಗಿಸಬೇಕು. ದನಿ ಸರಿ ಕೂತಲ್ಲಿ ತಿರುಪು ಅಲ್ಲಾಡದಂತೆ ಮೇಲೊಂದು ಹನಿ ಕೆಂಪು ಪಾಲಿಶ್.

"ಇದನ್ನ ಒಲೆ ಹತ್ರ ಇಡಲಿಲ್ವಾ?"

"ಇಲ್ಲ. ನಾನೇ ಅವಸರ ಮಾಡಿದೆ, ಕೊನೇ ಬಸ್ಸು ಅಂತ. ಜುಲೈ ತಿಂಗಳು, ಹೊರಗೆ ಆ ಮಳೆ. ಬೇಸಿಗೇಲಿ ತಂದ್ಕೊಡು, ಆಗ ಸರಿ ಮಾಡ್ತೀನಿ ಅಂದಿದ್ದ."

ಆಗಸ್ಟ್‌ನಲ್ಲಿ ಕೊಟ್ಟಿಗೆಹಾರದ ತಿರುವಿನಲ್ಲಿ ಅವನಿದ್ದ ಜೀಪು ಮಗುಚಿತು.

ಕೃತಿಕಾ ಎದ್ದು ಕೋಣೆಯ ಬಾಗಿಲು ತೆಗೆದಳು. ಒಳಗೆ ಸೋಲ್ಡರಿನ ವಾಸನೆ ಇರಬಹುದು ಎಂದುಕೊಂಡಿದ್ದಳು. ಬರೀ ಬೂಷ್ಟಿನ ವಾಸನೆ ಇತ್ತು. ಮೇಜಿನ ಮೇಲೆ ಸ್ಕ್ರೂಡ್ರೈವರ್‌ಗಳು ಅವನು ಇಟ್ಟ ಹಾಗೇ ಇದ್ದವು. ಅದರ ಪಕ್ಕ ಅವಳು ಚಿತ್ರ ಬರೆಯುವಾಗ ಬಳಸುತ್ತಿದ್ದ ಭೂತಗನ್ನಡಿ, ಕಾಲೇಜಿನ ಕಾಲದ್ದು. ಕಿಟಕಿ ತೆಗೆದು ಕೂತು ಪೆಟ್ಟಿಗೆಯನ್ನು ಬೋರಲು ಹಾಕಿ ಹಿಂದಿನ ಸ್ಕ್ರೂಗಳನ್ನು ಬಿಚ್ಚಿದಳು. ಚನ್ನಕೇಶವ ಹೊಸ್ತಿಲ ಹೊರಗೇ ನಿಂತ.

ಒಳಗೆ ವೈರುಗಳು ಅವನು ಬಗ್ಗಿಸುವ ರೀತಿಯಲ್ಲೇ ಬಗ್ಗಿದ್ದವು. ನಡುವೆ ತಿರುಪು, ಅದರ ಮೇಲೆ ಕೆಂಪು ಹನಿ. ಹನಿ ದುಂಡಗಿರಲಿಲ್ಲ, ಚಪ್ಪಟೆಯಾಗಿ ಒಂದು ಕಡೆ ಹರಡಿತ್ತು. ಭೂತಗನ್ನಡಿ ಹಿಡಿದಳು.

ಹನಿಯ ಮೇಲೆ ಸಣ್ಣ ಸಣ್ಣ ಗೆರೆಗಳಿದ್ದವು. ಒಂದರ ಪಕ್ಕ ಒಂದು, ಬಾಗಿ ಬಾಗಿ, ಕೊಯ್ದ ಮರದ ಉಂಗುರಗಳ ಹಾಗೆ. ಒಣಗಿದೆಯೋ ಇಲ್ಲವೋ ಎಂದು ಅವನು ಬೆರಳಿಟ್ಟು ನೋಡಿದ್ದ. ಯಾವಾಗಲೂ ಹಾಗೇ ಮಾಡುತ್ತಿದ್ದ. ಅವಳ ಚಿತ್ರಗಳನ್ನೂ ಹಾಗೇ ಹಾಳು ಮಾಡುತ್ತಿದ್ದ. "ಕೈ ಕಟ್ಟಿ ಕೂತ್ಕೋ ಅಂದ್ರೆ ಕೂರಲ್ಲ ನೀನು," ಎಂದು ಅವಳು ಬೈದರೆ ಕೆಂಪಾದ ಬೆರಳನ್ನು ಅವಳ ಮೂಗಿನ ತುದಿಗೆ ಒರೆಸುತ್ತಿದ್ದ.

ಅವನ ಅಂಗಿಗಳನ್ನು ಅತ್ತೆ ಯಾರಿಗೋ ಕೊಟ್ಟಾಗಿತ್ತು. ಫೋನು ಜೀಪಿನಡಿ ಸಿಕ್ಕಿ ಹೋಗಿತ್ತು. ಫೋಟೋಗಳಿದ್ದವು, ಆದರೆ ಫೋಟೋ ಅವನನ್ನು ಮುಟ್ಟಿದ ವಸ್ತುವಲ್ಲ. ಇದು ಅವನ ಚರ್ಮ ತಾಗಿ ಆದ ಗುರುತು. ಪೆಡಲ್ ಸರಿಮಾಡಬೇಕಾದರೆ ಮೊದಲು ಇದನ್ನು ಒಡೆಯಬೇಕು. ಒಡೆಯದೆ ತಿರುಪು ತಿರುಗುವುದಿಲ್ಲ.

ಅವಳು ಮುಚ್ಚಳ ಹಾಕಿ ಸ್ಕ್ರೂಗಳನ್ನು ಮತ್ತೆ ಬಿಗಿ ಮಾಡಿದಳು.

"ನನ್ನ ಕೈಲಿ ಆಗಲ್ಲ."

ಚನ್ನಕೇಶವ ಟವೆಲ್ಲನ್ನು ಮಡಚಿಟ್ಟ. "ಹಾಗಾದ್ರೆ ಇದು ನಿಮ್ಮತ್ರಾನೇ ಇರಲಿ ಮೇಡಂ. ಆ ಮೆಕ್ಯಾನಿಕ್ ಕೈಗೆ ಕೊಡಲ್ಲ. ಬಳ್ಳಾರಿಗೆ ಪೇಟೇದು ಒಂದು ತಗೊಂಡು ಹೋಗ್ತೀನಿ."

ಎಷ್ಟು ಸುಲಭವಾಗಿ ಬಿಟ್ಟುಕೊಟ್ಟ. ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಇದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಡಬಹುದು. ಬೇಕೆನಿಸಿದಾಗ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಬಹುದು. ಯಾರಿಗೂ ಹೇಳಬೇಕಾಗಿಲ್ಲ.

"ಹೋಗೋ ಮೊದಲು ಒಂದ್ಸಲ ನುಡಿಸ್ಲಾ?" ಎಂದ.

ಅವಳು ಮೂಲೆಯ ಸಣ್ಣ ಸ್ಪೀಕರನ್ನು ತೋರಿಸಿದಳು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ವೈರುಗಳನ್ನು ಸಿಕ್ಕಿಸಿ, ನೆಲದ ಮೇಲೆ ಕೂತು ಒಂದೇ ಒಂದು ತಂತಿ ಮೀಟಿದ. ಕೋಣೆ ತಂಪಾಗಿತ್ತು. ದನಿ ಗರಗರನೆ ಎದ್ದು ಗೋಡೆ ತುಂಬಿ, ನಿಧಾನಕ್ಕೆ ಸಣ್ಣಗಾಗುತ್ತ ಹೋಯಿತು. ಮೂಡಿಗೆರೆ ಕಡೆ ಹೋಗುವ ಬಸ್ಸು ಊರಾಚೆಯ ಏರು ಹತ್ತುವಾಗ ಹೀಗೇ ಕೇಳುತ್ತದೆ, ಇದೆಯೋ ಇಲ್ಲವೋ ಅನ್ನುವವರೆಗೆ. ದನಿಯ ಬಾಲ ಹಾಗೆ ಬರಬೇಕು ಎಂದು ರೇಣು ಹೇಳುತ್ತಿದ್ದ. ಏರು ದಾಟಿದ ಮೇಲೇ ನಿಲ್ಲಬೇಕು, ನಡುವೆ ಕೆಟ್ಟು ನಿಲ್ಲಬಾರದು.

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು.

"ಈಗ ನೋಡಿ," ಎಂದು ಚನ್ನಕೇಶವ ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿಗಿಟ್ಟ. ಇಬ್ಬರೂ ಕಾದರು. ಒಬ್ಬ ಗಿರಾಕಿ ಬಂದು ನಾಜಲ್ ಕೇಳಿದ. ಕೃತಿಕಾ ಹೋಗಿ ಕೊಟ್ಟು ಬಂದಳು. ಅಲ್ಯೂಮಿನಿಯಂ ಚೆನ್ನಾಗಿ ಬಿಸಿಯಾದ ಮೇಲೆ ಅವನು ಮತ್ತೆ ಅದೇ ತಂತಿ ಮೀಟಿದ. ದನಿ ಎದ್ದಿತು, ಎರಡು ಸಲ ಕೆಮ್ಮಿತು, ಕತ್ತರಿಸಿದ ಹಾಗೆ ನಿಂತಿತು.

ಬಾಗಿಲಲ್ಲಿ ಅತ್ತೆ ಗಿರಿಜಾಂಬಾ ನಿಂತಿದ್ದರು. ಹಣೆಯಲ್ಲಿ ಬೆಳಗಿನ ವಿಭೂತಿ, ಕೈಯೆಲ್ಲ ಅಕ್ಕಿ ಹಿಟ್ಟು. ಗಿಟಾರಿನ ಗಂಧಗಾಳಿ ಇಲ್ಲದವರು. ಆದರೆ ಅಷ್ಟು ವರ್ಷ ಗೋಡೆಯಾಚೆಯಿಂದ ಬೇಡವೆಂದರೂ ಕೇಳಿದವರು.

"ಮೊದಲು ಬಂದದ್ದು ಅವನ್ದು. ಇದು ಅವನ್ದಲ್ಲ. ಯಾಕೆ ಹೀಗೆ ಕೆಮ್ಮುತ್ತೆ?"

"ಬಿಸಿಗೆ ಅತ್ತೆ."

"ಸರಿ ಮಾಡದೆ ಕೊಟ್ಟಿದ್ನಾ?"

"ಆಮೇಲೆ ಮಾಡ್ತೀನಿ ಅಂದಿದ್ರಂತೆ."

ಗಿರಿಜಾಂಬಾ ಪೆಟ್ಟಿಗೆಯನ್ನು ನೋಡಿದರು. "ಅವನ ಹೆಸರು ಹೇಳ್ಕೊಂಡು ಇದು ಊರೂರಲ್ಲಿ ಹೀಗೆ ಕೆಮ್ಮೋದಾ?" ಎಂದರು. ಯಾರನ್ನೂ ಕೇಳಿದ ಹಾಗಿರಲಿಲ್ಲ.

ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟರೆ ಇದು ಕೆಮ್ಮುವುದೂ ಇಲ್ಲ, ನುಡಿಯುವುದೂ ಇಲ್ಲ. ಅವನ ಬೆರಳು ಒತ್ತಿ ಹಿಡಿದಿರುವುದು ಅವನೇ ಮೆಚ್ಚದೆ ಅರ್ಧಕ್ಕೆ ಬಿಟ್ಟ ಕೆಲಸವನ್ನು. ಕೃತಿಕಾಳಿಗೆ ಇದು ಯೋಚಿಸಿ ಬಂದದ್ದಲ್ಲ. ಯೋಚಿಸುವುದನ್ನು ಅವಳು ಬಿಟ್ಟು ಎಷ್ಟೋ ಕಾಲವಾಗಿತ್ತು. ಸುಮ್ಮನೆ ಎದುರಿಗೆ ಕಂಡಿತು.

"ಹಂಡೆ ಒಲೆಗೆ ಬೆಂಕಿ ಹಾಕ್ಲಾ ಅತ್ತೆ?"

"ಈ ಹೊತ್ತಲ್ಲಿ ಯಾರು ಸ್ನಾನ ಮಾಡ್ತಾರೆ?" ಎಂದರು ಗಿರಿಜಾಂಬಾ. ಆಮೇಲೆ ಅವರೇ ಹೋಗಿ ಹಾಕಿದರು. ಒಣಗಿದ ಕಾಫಿ ಕಡ್ಡಿ ಬೇಗ ಹತ್ತಿಕೊಂಡಿತು.

ಕೃತಿಕಾ ಬ್ಲೇಡಿನ ತುದಿಯನ್ನು ಹನಿಯ ಅಂಚಿಗೆ ಇಟ್ಟಳು. ಇಡಿಯಾಗಿ ಏಳಬಹುದು, ಎದ್ದರೆ ಹತ್ತಿಯಲ್ಲಿ ಸುತ್ತಿ ಇಡಬಹುದು ಎಂಬ ಆಸೆ ಒಂದು ಗಳಿಗೆ ಬಂತು. ಏಳಲಿಲ್ಲ. ಒಣಗಿ ಗರಿಗರಿಯಾಗಿದ್ದ ಪಾಲಿಶ್ ಸಿಡಿದು ಪುಡಿಯಾಯಿತು. ಬ್ರಷ್ಷಿನಲ್ಲಿ ಪುಡಿಯನ್ನು ಗುಡಿಸಿದಳು. ಒಂದು ಚೂರು ಅವಳ ಉಗುರಿನ ಸಂದಿಗೆ ಸಿಕ್ಕಿಕೊಂಡಿತು. ಬಾಗಿಲ ಹತ್ತಿರ ನಿಂತಿದ್ದ ಚನ್ನಕೇಶವ ಅವಳ ಮುಖ ನೋಡಿ ರಸ್ತೆಯ ಕಡೆ ತಿರುಗಿದ.

ಬಚ್ಚಲು ಮನೆಯ ಕಟ್ಟೆಯ ಮೇಲೆ ಪೆಡಲ್ಲಿಟ್ಟು, ವೈರನ್ನು ಅಲ್ಲಿಯವರೆಗೆ ಎಳೆದರು. ಕೃತಿಕಾ ಆಗಾಗ ಕೈಯ ಹಿಂಬದಿಯಿಂದ ಮುಟ್ಟಿ ನೋಡಿದಳು. ಜ್ವರದಷ್ಟು ಬಿಸಿಯಾದಾಗ ತಲೆಯಾಡಿಸಿದಳು. ಅವನು ಮೀಟಿದ. ಕೆಮ್ಮು. ಅವಳು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಮತ್ತೆ ಮೀಟಿದ. ಈ ಸಲ ಕೆಮ್ಮಲಿಲ್ಲ, ಆದರೆ ದನಿಯ ಬಸ್ಸು ಏರಿನ ನಡುವೆ ನಿಂತಿತು.

"ಇದೇ ಸಾಕೇನೋ ಮೇಡಂ. ಮದುವೆ ಮನೇಲಿ ಯಾರು ಕೇಳ್ತಾರೆ, ಎಲ್ಲ ಪಂಕ್ತಿ ಕಡೆ ನೋಡ್ತಿರ್ತಾರೆ."

"ಇನ್ನೂ ಇದೆ. ಮೀಟಿ."

ಮೀಟಿದ. ಸ್ವಲ್ಪ ಜಾಸ್ತಿಯಾಗಿ ದನಿ ತೆಳ್ಳಗಾಯಿತು. ಅವಳು ಹಿಂದಕ್ಕೆ ತಿರುಗಿಸಿದಳು. ಬೆವರು ಕಣ್ಣಿಗಿಳಿಯುತ್ತಿತ್ತು. ರೇಣು ಹೀಗೇ ಬಗ್ಗಿ ಕೂತು "ಹೇಗಿದೆ?" ಎಂದು ಕೇಳುತ್ತಿದ್ದ, ಅವಳು ಚಿತ್ರದಿಂದ ತಲೆಯೆತ್ತದೆ ಬಾಯಿಗೆ ಬಂದದ್ದು ಹೇಳುತ್ತಿದ್ದಳು. ಈಗ ಕೇಳುವವರಿಲ್ಲ, ತಾನೇ ಹೇಳಬೇಕು. ಮತ್ತೆ ಒಂದು ಎಳೆ. ಮೀಟು. ದನಿ ಎದ್ದಿತು, ತುಂಬಿತು, ದೂರ ಹೋಯಿತು, ಇನ್ನೂ ದೂರ ಹೋಯಿತು. ಒಲೆಯಲ್ಲಿ ಕೆಂಡ ಸಿಡಿಯುವುದು ಕೇಳಿಸಿದಾಗ ಅದು ಮುಗಿದಿತ್ತು.

"ಅಲ್ಲೇ ಬಿಡು," ಎಂದರು ಹಿಂದಿನಿಂದ ಗಿರಿಜಾಂಬಾ. ಅವಳು ಆಗಲೇ ಕೈ ತೆಗೆದಿದ್ದಳು.

ಇನ್ನು ಉಳಿದದ್ದು ಹನಿ ಪಾಲಿಶ್. ಅದಿಲ್ಲದೆ ಕಳಿಸಿದರೆ ಈ ರಸ್ತೆಯ ಹೊಂಡಗಳಿಗೆ ಬೇಲೂರು ಮುಟ್ಟುವುದರೊಳಗೆ ತಿರುಪು ಜಾಗ ಬಿಡುತ್ತದೆ. ಕೃತಿಕಾ ಕೋಣೆಯ ಡ್ರಾಯರ್ ಎಳೆದಳು. ಬಾಟ್ಲಿಗಳಿದ್ದ ಜಾಗದಲ್ಲಿ ಕೆಂಪು ಉಂಗುರದ ಕಲೆಗಳು ಮಾತ್ರ ಇದ್ದವು.

"ನಾನೇ ದ್ಯಾವಮ್ಮನ ಮಗಳಿಗೆ ಕೊಟ್ಬಿಟ್ಟೆ," ಎಂದರು ಗಿರಿಜಾಂಬಾ. ದ್ಯಾವಮ್ಮ ಪಾತ್ರೆ ತಿಕ್ಕಲು ಬರುವವಳು. "ನಿನ್ನ ಕಣ್ಣಿಗೆ ಬೀಳೋದು ಬೇಡ ಅಂತ. ಕೆಲಸದ್ದು ಅಂತ ಹೊಳೀಲಿಲ್ಲ."

"ಇರಲಿ ಬಿಡಿ ಅತ್ತೆ."

"ನಾನು ತರ್ತೀನಿ," ಎಂದ ಚನ್ನಕೇಶವ. "ನಾನು ಕೇಳಿದ್ರೆ ಏನಾಗುತ್ತೆ, ಆರ್ಕೆಸ್ಟ್ರಾದವನು, ಏನು ಬೇಕಾದ್ರೂ ಹಚ್ಕೋತಾನೆ ಅಂದ್ಕೋತಾರೆ."

"ಬೇಡ," ಎಂದು ಅವಳು ರಸ್ತೆ ದಾಟಿದಳು.

ವಸಂತಮ್ಮನ ಅಂಗಡಿಯಲ್ಲಿ ಇಬ್ಬರು ಕಾಲೇಜು ಹುಡುಗಿಯರು ಬಳೆ ನೋಡುತ್ತಿದ್ದರು. ಏಳು ತಿಂಗಳಲ್ಲಿ ಕೃತಿಕಾ ಈ ಮೆಟ್ಟಿಲು ಹತ್ತಿರಲಿಲ್ಲ. ವಸಂತಮ್ಮ ಸ್ಟೂಲಿನಿಂದ ಎದ್ದಳು.

"ಬಾ ಕೃತಿಕಾ. ಹೇಳಿ ಕಳಿಸಿದ್ರೆ ನಾನೇ ಕೊಟ್ಟು ಕಳಿಸ್ತಿದ್ದೆ. ಏನು ಬೇಕಿತ್ತು, ಪಿನ್ನಾ?"

"ನೇಲ್ ಪಾಲಿಶ್."

ಹುಡುಗಿಯರ ಬಳೆಯ ಸದ್ದು ನಿಂತಿತು. ವಸಂತಮ್ಮ ಬೆನ್ನು ತಿರುಗಿಸಿ ಕಪಾಟಿನಲ್ಲಿ ಬಹಳ ಹೊತ್ತು ಹುಡುಕಿ, ನೀರಿನಂಥ ಬಣ್ಣದ ಒಂದು ಬಾಟ್ಲಿಯನ್ನು ತಂದು ಮೆಲ್ಲಗೆ ಇಟ್ಟಳು. ಒಳ್ಳೆಯ ಹೆಂಗಸು. ದನಿ ತಗ್ಗಿಸಿ, "ಇದು ಹಾಕಿದ್ರೆ ಯಾರಿಗೂ ಗೊತ್ತೇ ಆಗಲ್ಲ," ಎಂದಳು.

ತಿರುಪು ಹಿಡಿಯಲು ಅದೂ ಆಗುತ್ತಿತ್ತು. ಆದರೆ ಯಾರಾದರೂ ತಿರುಪು ಮುಟ್ಟಿದರೆ ತಿಳಿಯಲಿ ಎಂದೇ ರೇಣು ಕೆಂಪು ಹಾಕುತ್ತಿದ್ದ.

"ಗೊತ್ತಾಗಬೇಕು ವಸಂತಕ್ಕ. ಮೊದಲು ಒಯ್ತಿದ್ದೆನಲ್ಲ, ಅದೇ ಕೆಂಪು ಕೊಡಿ."

ತಿರುಪಿಗೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಬೇಕೆನಿಸಲಿಲ್ಲ. ಮೊದಲಾಗಿದ್ದರೆ ವಸಂತಮ್ಮ ಮುಚ್ಚಳ ತೆಗೆದು ಅವಳ ಹೆಬ್ಬೆರಳಿಗೆ ಹಚ್ಚಿ, ಬೆಳಕಿಗೆ ಹಿಡಿದು ತೋರಿಸುತ್ತಿದ್ದಳು. ಈಗ ಬಾಟ್ಲಿಯನ್ನು ಹಳೇ ಪೇಪರಿನಲ್ಲಿ ಎರಡು ಸುತ್ತು ಸುತ್ತಿ, ಕೈಗೆ ಕೈ ತಾಗದ ಹಾಗೆ ಗಾಜಿನ ಮೇಲೆ ಸರಿಸಿದಳು. ಕೃತಿಕಾ ಮೆಟ್ಟಿಲಿಳಿಯುವವರೆಗೂ ಬಳೆಗಳು ಸುಮ್ಮನಿದ್ದವು.

ಮನೆಗೆ ಬಂದು ತಿರುಪಿನ ಮೇಲೆ ಒಂದು ಹನಿ ಇಟ್ಟಳು. ಬ್ರಷ್ಷಿನ ತುದಿಯಿಂದ ಇಳಿದು ಹನಿ ದುಂಡಗೆ ನಿಂತಿತು.

ಹೊರಗೆ ಬಸ್ಸಿನ ಹಾರನ್ ಕೇಳಿಸಿತು. ಚನ್ನಕೇಶವ ಗಿಟಾರನ್ನು ಹೆಗಲಿಗೇರಿಸಿದ. "ಮುಚ್ಚಿ ಕೊಡಿ ಮೇಡಂ, ದಾರೀಲಿ ಒಣಗುತ್ತೆ."

"ಒಣಗಲಿ. ಮುಂದಿನ ಬಸ್ಸಿಗೆ ಹೋಗಿ."

ಅವನು ಅವಳನ್ನು ನೋಡಿ ಗಿಟಾರ್ ಇಳಿಸಿದ. ಬಸ್ಸು ಹೋಯಿತು. ಗಿರಿಜಾಂಬಾ ಅವನಿಗೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದರು. "ನಿಮ್ಮ ಆರ್ಕೆಸ್ಟ್ರಾದಲ್ಲಿ ಹೊಟ್ಟೆಗೆ ಹಾಕಲ್ವಾ ಮಾರಾಯ? ಕಡ್ಡಿ ಆಗಿದೀಯ," ಎಂದರು. "ಹಾಡು ಮುಗಿಯೋ ಹೊತ್ತಿಗೆ ಪಂಕ್ತೀಲಿ ಬರೀ ಉಪ್ಪಿನಕಾಯಿ ಉಳಿದಿರುತ್ತೆ ಅಮ್ಮಾವ್ರೆ," ಎಂದು ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಆ ಮಾತುಗಳು ಕೋಣೆಗೆ ಕೇಳುತ್ತಿದ್ದವು. ಕೃತಿಕಾ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹನಿಯ ಎದುರಿಗೆ ಕೂತಿದ್ದಳು. ಮುಟ್ಟಿ ನೋಡಬೇಕೆಂದು ಬೆರಳು ಎರಡು ಸಲ ಎದ್ದಿತು. ಮುಟ್ಟಲಿಲ್ಲ.

ಪೂರ್ತಿ ಒಣಗಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದಳು. ಹನಿ ನುಣ್ಣಗಿತ್ತು. ಅದರಲ್ಲಿ ಕಿಟಕಿ ಸಣ್ಣಗೆ ಹೊಳೆಯುತ್ತಿತ್ತು. ಬೇರೇನೂ ಇರಲಿಲ್ಲ.

ಚನ್ನಕೇಶವ ಮುಂದಿನ ಬಸ್ಸು ಹತ್ತಿದ. ಅವಳು ಅಂಗಡಿಯ ಬಾಗಿಲಲ್ಲಿ ನಿಂತಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಸದ್ದು ಇತ್ತು. ಏರಿಗೆ ಬಿತ್ತು, ಗೇರು ಬದಲಾಯಿಸಿತು, ಸಣ್ಣಗಾಯಿತು. ಏರು ದಾಟಿದ ಮೇಲೆ ತೋಟದ ಸಿಲ್ವರ್ ಮರಗಳ ಗಾಳಿ ಮಾತ್ರ ಉಳಿಯಿತು.

ಒಳಗೆ ಗಿರಿಜಾಂಬಾ ಮೇಜಿನ ಮೇಲಿನ ಬಾಟ್ಲಿಯನ್ನು ಕೈಗೆತ್ತಿಕೊಂಡು ನಿಂತಿದ್ದರು. ಒಂದು ಹನಿ ಬಿಟ್ಟರೆ ಅದು ತುಂಬಿಯೇ ಇತ್ತು.

"ಇದನ್ನೆಲ್ಲಿಡ್ತೀಯ ಕೃತಿ?"

"ಅಲ್ಲೇ ಇರಲಿ ಅತ್ತೆ."

ಗಿರಿಜಾಂಬಾ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿ ಮಾಡಿ, ಸ್ಕ್ರೂಡ್ರೈವರ್‌ಗಳ ಪಕ್ಕ ಇಟ್ಟರು. ಹೋಗುವಾಗ ಬಾಗಿಲು ಎಳೆಯಲು ಕೈ ಚಾಚಿ, ಹಾಗೇ ಬಿಟ್ಟು ಹೋದರು.